ಗ್ರಾಮಸಂಸ್ಥೆಗಳೂ ದಾನನಿಧಿಯೂ: ಧಾರವಾಡ ಜಿಲ್ಲೆಯ ಕೆಲವು ನಿದರ್ಶನಗಳು

೧. ಪ್ರಶ್ನೆಯ ಸ್ವರೂಪ

ಊರಿನ ಜನರು ಕೂಡಿ ಕಟ್ಟಿದ ಸಂಘಕ್ಕೆ ಹೊರಗಿನಿಂದ ಹಣ ಬಂದಾಗ ಆ ಸಂಘದ ಮೇಲಿನ ಅಧಿಕಾರ ಯಾರಲ್ಲಿ ಉಳಿಯುತ್ತದೆ? ಗ್ರಾಮಾಭಿವೃದ್ಧಿಯನ್ನು ಅಭ್ಯಸಿಸುವವರು ಮೊದಲು ಕೇಳಬೇಕಾದ ಪ್ರಶ್ನೆಯಿದು. ದಾನವನ್ನು ಅದರ ಮೊತ್ತದಿಂದ ಅಳೆಯುವುದು ಲೋಕರೂಢಿ. ಆದರೆ ಮೊತ್ತವೊಂದರಿಂದಲೇ ದಾನದ ಫಲವನ್ನು ನಿರ್ಣಯಿಸಲಾಗದು. ಹಣವನ್ನು ಯಾವುದಕ್ಕೆ ವೆಚ್ಚ ಮಾಡಬೇಕೆಂದು ಗೊತ್ತುಮಾಡುವವರು ಯಾರು? ಅದರ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು? ಹಣ ಬರುವುದು ನಿಂತ ತರುವಾಯ ಊರಿನಲ್ಲಿ ಉಳಿಯುವುದೇನು? ನಿರ್ಣಯ, ಲೆಕ್ಕ, ಉಳಿಕೆ ಎಂಬ ಈ ಮೂರು ಒರೆಗಲ್ಲುಗಳಿಗೆ ತಿಕ್ಕಿ ನೋಡಿದಾಗಲೇ ದಾನದ ಬೆಲೆ ತಿಳಿದೀತು. ಧಾರವಾಡ ಜಿಲ್ಲೆಯ ಗ್ರಾಮಭಾಗದ ಕೆಲವು ನಿದರ್ಶನಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಜಿಲ್ಲೆಯ ಭೂಗುಣವು ಪಡುವಣದಿಂದ ಮೂಡಣಕ್ಕೆ ಸಾಗಿದಂತೆ ಬದಲಾಗುತ್ತದೆ. ಕಲಘಟಗಿಯ ಕಡೆ ಅರೆಮಲೆನಾಡು. ಅಲ್ಲಿ ಮಳೆ ಹೆಚ್ಚು, ಭತ್ತದ ಬೆಳೆಯುಂಟು. ಕುಂದಗೋಳದಲ್ಲಿ ಎರೆಭೂಮಿಯ ಒಣಬೇಸಾಯ. ಹತ್ತಿ, ಮೆಣಸಿನಕಾಯಿಗಳ ಸೀಮೆ ಅದು. ನವಲಗುಂದ, ಅಣ್ಣಿಗೇರಿಗಳ ಬಯಲಿನಲ್ಲಿ ಮಳೆ ಕಡಿಮೆ. ಅಂತರ್ಜಲವು ಬಹಳ ಕಡೆ ಸವುಳು. ಅದರಿಂದಾಗಿ ಕುಡಿಯುವ ನೀರಿಗೂ ಜನರು ಕೆರೆಯನ್ನು ನಂಬಿದ್ದಾರೆ. ಬರಗಾಲದಲ್ಲಿ ಕೆರೆ ಬತ್ತುವುದು, ಮಳೆ ಹೆಚ್ಚಾದಾಗ ಬೆಣ್ಣಿಹಳ್ಳ ಉಕ್ಕಿ ಹೊಲಗಳಿಗೆ ನುಗ್ಗುವುದು, ಇವೆರಡೂ ಇಲ್ಲಿಯವರ ಅನುಭವ. ಹೀಗೆ ಒಂದೇ ಜಿಲ್ಲೆಯಲ್ಲಿ ನಾಲ್ಕು ಬಗೆಯ ಅವಶ್ಯಕತೆಗಳಿರುವಾಗ ದೂರದಲ್ಲಿ ಸಿದ್ಧವಾದ ಒಂದೇ ಯೋಜನೆ ಎಲ್ಲ ಊರುಗಳಿಗೂ ಹೊಂದಲಾರದೆಂಬುದು ಸ್ಪಷ್ಟ.

೨. ದತ್ತಿ ಮತ್ತು ಪತ್ತು

ಸಾರ್ವಜನಿಕ ಕಾರ್ಯಕ್ಕೆ ದಾನ ಕೊಡುವುದು ಈ ನಾಡಿಗೆ ಹೊಸತಲ್ಲ. ಚಾಲುಕ್ಯರ ಕಾಲದಿಂದ ಇಲ್ಲಿಯ ಶಾಸನಗಳಲ್ಲಿ ದೇವಾಲಯ, ಸತ್ರ, ಕೆರೆಗಳಿಗೆ ಭೂಮಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಆ ದತ್ತಿಗಳಲ್ಲಿ ಎರಡು ಲಕ್ಷಣಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕೊಟ್ಟದ್ದು ಬಹುಮಟ್ಟಿಗೆ ಭೂಮಿ. ಮೂಲ ಕರಗದೆ ಅದರ ಹುಟ್ಟುವಳಿಯಿಂದ ಕಾರ್ಯವು ತಲೆತಲಾಂತರ ನಡೆಯಬೇಕೆಂಬುದು ದಾನಿಯ ಆಶಯ. ಎರಡನೆಯದಾಗಿ, ಅದರ ಪಾಲನೆಯನ್ನು ಮಹಾಜನರು, ಗಾವುಂಡರು, ಸ್ಥಾನಾಚಾರ್ಯರು ಮೊದಲಾದ ಸ್ಥಳೀಯರಿಗೆ ಒಪ್ಪಿಸಲಾಗುತ್ತಿತ್ತು. ದಾನಿಯು ರಾಜಧಾನಿಯಲ್ಲಿದ್ದರೂ ನಿರ್ವಹಣೆ ಊರಿನದು. ಆದರೆ ಈ ವ್ಯವಸ್ಥೆಯನ್ನು ಆದರ್ಶವೆಂದು ಹಾಡಿ ಹೊಗಳುವುದು ಸಲ್ಲದು. ಊರಿನ ಕೈ ಎಂಬುದು ಊರಿನ ಎಲ್ಲರ ಕೈಯಾಗಿರಲಿಲ್ಲ. ಉತ್ತಿ ಬಿತ್ತುವ ಒಕ್ಕಲಿಗೂ ಹೆಂಗಸರಿಗೂ ಆ ನಿರ್ಣಯದಲ್ಲಿ ಇದ್ದ ಸ್ಥಾನ ಅತ್ಯಲ್ಪ. ಸ್ಥಳೀಯತೆಯಿಂದಲೇ ಸಮಾನತೆ ದೊರೆಯದೆಂಬ ಮಾತನ್ನು ಇಂದಿನ ಸಂಘಗಳ ವಿಷಯದಲ್ಲಿಯೂ ನೆನಪಿಡಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಜಿಲ್ಲೆಯಲ್ಲಿ ಬೇರೊಂದು ಮಾರ್ಗ ತೆರೆಯಿತು. ೧೯೦೪ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮೇರೆಗೆ ೧೯೦೫ರ ಮೇ ೮ರಂದು ಗದಗ ತಾಲೂಕಿನ ಕಣಗಿನಹಾಳದಲ್ಲಿ ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಇದರ ಸ್ಥಾಪಕರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. (ಗದಗವು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು.) ಆ ಕಾಯಿದೆಯು ಗ್ರಾಮೀಣ ಸಂಘಗಳ ಸದಸ್ಯರ ಮೇಲೆ ಅಪರಿಮಿತ ಹೊಣೆಯನ್ನು ಹೊರಿಸಿತ್ತು, ಅಂದರೆ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ತಮ್ಮ ಆಸ್ತಿಯ ಮಟ್ಟಿಗೂ ಬಾಧ್ಯರು. ತನ್ನ ಹೊಲ ಒತ್ತೆಗೆ ನಿಂತಿರುವಾಗ ನೆರೆಯವನು ಸಾಲ ತೆಗೆದು ಏನು ಮಾಡಿದನೆಂದು ವಿಚಾರಿಸದೆ ಇರುವವರಾರು? ಇಲ್ಲಿ ನಿರ್ಣಯ, ಲೆಕ್ಕ, ಉಳಿಕೆ ಮೂರೂ ಊರಿನಲ್ಲಿಯೇ ಇದ್ದವು. ಆದರೆ ಹೊಲವಿಲ್ಲದವನಿಗೆ ಒತ್ತೆಯಿಡಲು ಏನೂ ಇಲ್ಲ. ಪೂರ್ಣ ಸ್ವಾವಲಂಬನೆಯ ಮೇರೆ ಇಲ್ಲಿ ಕಾಣುತ್ತದೆ. ಊರಿನ ಅತಿ ಬಡವರ ಕಾರ್ಯಕ್ಕೆ ಊರಿನ ಹಣ ಸಾಲದೆ ಹೋದಾಗ ಹೊರಗಿನ ದಾನವು ಅವಶ್ಯಕವಾಗುತ್ತದೆ.

೩. ಹೊರಗಣ ನಿಧಿಯ ಆಗಮನ

ಸ್ವಾತಂತ್ರ್ಯಾನಂತರ ಹಳ್ಳಿಗೆ ಹಣ ತಂದ ಪ್ರಮುಖ ಶಕ್ತಿ ಸರಕಾರವೇ. ಜನರನ್ನು ಕೇಳದೆ ಮಾಡಿದ ಹಿತಕಾರ್ಯವು ಏನಾಗಬಲ್ಲುದೆಂಬುದಕ್ಕೆ ಮಲಪ್ರಭಾ ನೀರಾವರಿ ಪ್ರದೇಶ ಸಾಕ್ಷಿಯಾಗಿದೆ. ಕಾಲುವೆಯ ಹೆಸರಿನಲ್ಲಿ ವಿಧಿಸಿದ ಅಭಿವೃದ್ಧಿ ಕರವನ್ನು ರೈತರು ವಿರೋಧಿಸಿದರು. ೧೯೮೦ರ ಜುಲೈ ೨೧ರಂದು ನವಲಗುಂದ, ನರಗುಂದಗಳಲ್ಲಿ ಗೋಳೀಬಾರಿಗೆ ರೈತರು ಬಲಿಯಾದರು. ನೀರು ಬೇಡವೆಂದು ಯಾರೂ ಹೇಳಿರಲಿಲ್ಲ. ತಮ್ಮ ಹೊಲಕ್ಕೆ ಏನು ಬಂದಿತು, ಅದಕ್ಕೆ ತಾವು ಎಷ್ಟು ತೆರಬೇಕು ಎಂಬ ನಿರ್ಣಯದಲ್ಲಿ ತಮಗೆ ಮಾತಿಲ್ಲವೆಂಬುದೇ ಅವರ ಸಂಕಟವಾಗಿತ್ತು.

ಅದೇ ಕಾಲದಲ್ಲಿ ಸ್ವಯಂಸೇವಾ ಸಂಸ್ಥೆಗಳು ಬೆಳೆಯತೊಡಗಿದವು. ಅಮೇರಿಕದಲ್ಲಿ ನೆಲೆಸಿದ್ದ ಎಸ್. ಆರ್. ಹಿರೇಮಠರು ಮತ್ತು ಕೆಲವು ಭಾರತೀಯರು ೧೯೭೪ರಲ್ಲಿ ಶಿಕಾಗೋದಲ್ಲಿ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಹಿರೇಮಠರು ೧೯೭೯ರಲ್ಲಿ ಸ್ವದೇಶಕ್ಕೆ ಮರಳಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ ಕಾರ್ಯವನ್ನು ಆರಂಭಿಸಿದರು. ಹಣ ಕೂಡಿಸಿದವನೇ ಹಳ್ಳಿಗೆ ಬಂದು ನೆಲೆಸಿದ ಈ ನಿದರ್ಶನ ಅಪರೂಪವಾದುದು. ೧೯೮೪ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಸಮಾಜ ಪರಿವರ್ತನ ಸಮುದಾಯವು ನದಿಯ ಮಾಲಿನ್ಯದ ಪ್ರಶ್ನೆಯನ್ನೂ ಗ್ರಾಮಗಳ ಸಾಮುದಾಯಿಕ ಭೂಮಿಯ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. ಸಾಮುದಾಯಿಕ ಭೂಮಿಯನ್ನು ನೀಲಗಿರಿ ತೋಪಿಗಾಗಿ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟುದನ್ನು ವಿರೋಧಿಸಿ ೧೯೮೭ರ ನವೆಂಬರ್ ೧೪ರಂದು ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಯನ್ನು ಕಿತ್ತು, ಊರಿಗೆ ಉಪಯುಕ್ತವಾದ ಗಿಡವನ್ನು ಹಚ್ಚುವುದು ಅದರ ಕ್ರಮ. ಮುಂದೆ ೧೯೯೧ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಇಂಥ ಕಾರ್ಯದ ಫಲವನ್ನು ವಾರ್ಷಿಕ ವರದಿಯ ಕೋಷ್ಟಕದಲ್ಲಿ ತುಂಬುವುದು ಕಠಿಣ. ತೋಡಿದ ಬಾವಿಗಳನ್ನು ಎಣಿಸಬಹುದು. ಕಳೆದುಹೋಗದೆ ಉಳಿದ ಗೋಮಾಳವನ್ನು ಯಾವ ಅಂಕಣದಲ್ಲಿ ಬರೆಯಬೇಕು? ಎಣಿಕೆಗೆ ಸಿಗುವ ಕಾರ್ಯದ ಕಡೆಗೇ ದಾನವು ಒಲಿಯುವುದರಿಂದ, ಊರು ತನ್ನ ಹಕ್ಕಿಗಾಗಿ ಮಾಡುವ ಕಾರ್ಯವು ಬಹುಶಃ ಊರಿನ ವಂತಿಗೆಯಿಂದಲೇ ನಡೆಯಬೇಕಾಗುತ್ತದೆ.

ಕಲಘಟಗಿ ತಾಲೂಕಿನ ಸೂರಶೆಟ್ಟಿಕೊಪ್ಪದ ಸುತ್ತಲಿನ ಹಳ್ಳಿಗಳಲ್ಲಿ ಬೈಫ್ ಸಂಸ್ಥೆಯು ಐರೋಪ್ಯ ಒಕ್ಕೂಟದ ನೆರವಿನಿಂದ ಕೃಷಿಹೊಂಡ, ಹಣ್ಣಿನ ಗಿಡ, ಸ್ವಸಹಾಯ ಸಂಘಗಳನ್ನು ಜೊತೆಗೂಡಿಸಿ ಕಾರ್ಯ ಮಾಡಿತು. ನವಲಗುಂದದ ಎರೆಭೂಮಿಯಲ್ಲಿ ಕೃಷಿಹೊಂಡದ ಪ್ರಸಾರಕ್ಕೆ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ನಿನ ಪಾತ್ರ ದೊಡ್ಡದು. ಹುಬ್ಬಳ್ಳಿಯಲ್ಲಿ ಜನಿಸಿ ಅಮೇರಿಕದಲ್ಲಿ ಉದ್ಯಮಿಯಾದ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ ದಂಪತಿಗಳು ೧೯೯೬ರಲ್ಲಿ ಈ ಪ್ರತಿಷ್ಠಾನವನ್ನು ಸ್ಥಾಪಿಸಿದರು. ರೈತನೂ ವೆಚ್ಚದಲ್ಲಿ ಪಾಲು ಕೊಡಬೇಕೆಂಬುದು ಇಲ್ಲಿಯ ಪದ್ಧತಿ. ೨೦೧೪ರಿಂದ ಸರಕಾರದ ಕೃಷಿ ಭಾಗ್ಯ ಯೋಜನೆಯೂ ಇಂಥ ಹೊಂಡಗಳಿಗೆ ನೆರವಾಯಿತು.

ಹೊಂಡದ ಗಣಿತವನ್ನು ಸ್ವಲ್ಪ ವಿವರವಾಗಿ ನೋಡೋಣ. ೧೦೦ ಅಡಿ ಉದ್ದ, ೧೦೦ ಅಡಿ ಅಗಲ, ೧೨ ಅಡಿ ಆಳದ ಹೊಂಡವು ಎಕರೆಯ ಕಾಲುಭಾಗಕ್ಕೆ ತುಸು ಕಡಿಮೆ ನೆಲವನ್ನು ಆಕ್ರಮಿಸುತ್ತದೆ. ದಂಡೆಗಳ ಇಳಿಜಾರನ್ನು ಕಳೆದರೂ ಅದರಲ್ಲಿ ೨೦ ಲಕ್ಷ ಲೀಟರಿಗೆ ಮಿಕ್ಕಿ ನೀರು ನಿಲ್ಲುವುದು. ಎರೆಮಣ್ಣಿನ ಜಿಗುಟಿನಿಂದ ಇಂಗಿಹೋಗುವುದು ಕಡಿಮೆ. ಆವಿಯಾಗುವ ಅಂಶವನ್ನು ಬಿಟ್ಟು, ಏಳೆಂಟು ಎಕರೆಗೆ ಎರಡು ಅಂಗುಲದ ಒಂದು ನೀರು ಕೊಡಬಹುದು. ಕಾಳು ಕಟ್ಟುವ ವೇಳೆಗೆ ಮಳೆ ಕೈಕೊಟ್ಟಾಗ ಆ ಒಂದು ನೀರೇ ಬೆಳೆಗೂ ಸಾಲಕ್ಕೂ ನಡುವಿನ ಅಂತರ. ನೆಲ ರೈತನದು, ವೆಚ್ಚದ ಪಾಲು ರೈತನದು, ತೋಡಿಸುವ ನಿರ್ಣಯವೂ ಅವನದು. ಯೋಜನೆ ಮುಗಿದರೂ ಹೊಂಡ ಉಳಿಯುತ್ತದೆ. ಆದರೆ ಇನ್ನೊಂದು ಮಾತುಂಟು. ಕೆರೆ ಊರಿನ ಸ್ವತ್ತು, ಹೊಂಡ ಒಬ್ಬನ ಸ್ವತ್ತು. ಕಾಲು ಎಕರೆಯನ್ನು ಬಿಡಬಲ್ಲವನಿಗೆ ಮಾತ್ರ ಈ ದಾನ ತಲುಪುತ್ತದೆ. ಕೂಲಿಯವರ ಮನೆಯ ಕೊಡ ತುಂಬಬೇಕಾದರೆ ಕೆರೆಯ ಹೂಳನ್ನೇ ತೆಗೆಯಬೇಕು.

ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ನಿದರ್ಶನವು ಇನ್ನೂ ಗಮನಾರ್ಹವಾದುದು. ೨೦೧೮ರಲ್ಲಿ ಅಲ್ಲಿಯ ೧೫ ಜನ ಮಹಿಳೆಯರು ಬೀಬೀಫಾತಿಮಾ ಸ್ವಸಹಾಯ ಸಂಘವನ್ನು ಕಟ್ಟಿದರು. ಸಿರಿಧಾನ್ಯದ ಕೃಷಿ, ಸಮುದಾಯ ಬೀಜ ಬ್ಯಾಂಕು, ಸೌರಶಕ್ತಿಯಿಂದ ನಡೆಯುವ ಸಿರಿಧಾನ್ಯ ಸಂಸ್ಕರಣ ಘಟಕ, ಇವು ಅವರ ಕಾರ್ಯಗಳು. ಸಹಜ ಸಮೃದ್ಧ ಮತ್ತು ಸೆಲ್ಕೊ ಪ್ರತಿಷ್ಠಾನ ಮೊದಲಾದ ಸಂಸ್ಥೆಗಳು ಬೆಂಬಲವಾಗಿ ನಿಂತವು. ಈ ಸಂಘಕ್ಕೆ ೨೦೨೫ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಲಭಿಸಿತು. ಇಲ್ಲಿ ಹೊರಗಿನವರು ಕೊಟ್ಟದ್ದು ಯಂತ್ರ ಮತ್ತು ತಿಳಿವಳಿಕೆ. ಸಾವೆ, ನವಣೆಗಳ ಬೀಜವನ್ನು ಕಾಯ್ದಿಡುವ ಕೆಲಸ ಮಹಿಳೆಯರದು. ಸಂಸ್ಕರಣದಿಂದ ಬರುವ ಆದಾಯವು ದಾನವಲ್ಲ, ದುಡಿಮೆ. ಹಿಂದಿನ ದತ್ತಿಭೂಮಿಯ ಹುಟ್ಟುವಳಿಯಂತೆ ಅದು ಕಾರ್ಯವನ್ನು ಮುಂದೆ ನಡೆಸಬಲ್ಲ ಮೂಲ. ಆದರೆ ಅದರ ಪಾಲಕರು ಹಿಂದಿನ ಮಹಾಜನರಲ್ಲ, ಊರಿನ ಹೆಂಗಸರು.

೪. ಕಾಯಿದೆಯ ಪಾತ್ರ

ದಾನವು ಯಾವ ದಾರಿಯಿಂದ ಹಳ್ಳಿಗೆ ಬರಬೇಕೆಂಬುದನ್ನು ಕಾಯಿದೆಯೂ ನಿರ್ಧರಿಸುತ್ತದೆ. ವಿದೇಶೀ ವಂತಿಗೆಯ ನಿಯಂತ್ರಣಕ್ಕಾಗಿ ೧೯೭೬ರಲ್ಲಿ ಮೊದಲ ಕಾಯಿದೆಯೂ ೨೦೧೦ರಲ್ಲಿ ಎರಡನೆಯದೂ ಬಂದವು. ೨೦೨೦ರ ತಿದ್ದುಪಡಿಯು ವಿದೇಶೀ ವಂತಿಗೆಯನ್ನು ಪಡೆದ ಸಂಸ್ಥೆಯು ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ ೫೦ರಿಂದ ೨೦ಕ್ಕೆ ಇಳಿಸಿತು. ನೋಂದಣಿ ಬೇಕಾದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು. ಆ ಅವಧಿಯಲ್ಲಿ ೧೫ ಲಕ್ಷ ರೂಪಾಯಿಯನ್ನಾದರೂ ತನ್ನ ಮುಖ್ಯ ಕಾರ್ಯಕ್ಕೆ ವೆಚ್ಚ ಮಾಡಿರಬೇಕು. ಹಣದ ದುರುಪಯೋಗವನ್ನು ತಡೆಯುವುದು ಸರಕಾರದ ಸಮರ್ಥನೆ. ಆದರೆ ಇದರ ಪರಿಣಾಮವು ಸಣ್ಣ ಸಂಘಗಳ ಮೇಲೆಯೇ ಹೆಚ್ಚು. ಪಟ್ಟಣದ ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಸಂಘಕ್ಕೆ ಹರಿಯುತ್ತಿದ್ದ ಕಾಲುವೆ ಮುಚ್ಚಿತು. ನೇರವಾಗಿ ಪಡೆಯುವಷ್ಟು ಸಾಮರ್ಥ್ಯ ಆ ಸಂಘಕ್ಕಿಲ್ಲ.

ದೇಶದೊಳಗಿನ ನಿಧಿಯ ವಿಷಯದಲ್ಲಿ ೨೦೧೩ರ ಕಂಪನಿ ಕಾಯಿದೆಯ ೧೩೫ನೆಯ ಕಲಮು ಮುಖ್ಯವಾದುದು. ನಿರ್ದಿಷ್ಟ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ ೨ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ತಾನು ವ್ಯವಹರಿಸುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂದೂ ಕಾಯಿದೆ ಹೇಳುತ್ತದೆ. ಕಾರಖಾನೆಗಳಿರುವ ಪಟ್ಟಣಕ್ಕೆ ಇದರಿಂದ ಅನುಕೂಲ. ಕಾರಖಾನೆಯೇ ಇಲ್ಲದ ಎರೆಸೀಮೆಯ ಹಳ್ಳಿಗೆ ಅಷ್ಟಿಲ್ಲ.

೫. ಆಫ್ರಿಕಾದ ಹೋಲಿಕೆ

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಆಫ್ರಿಕಾದ ಕೀನ್ಯಾ ದೇಶವು ೧೯೬೩ರಲ್ಲಿ ಸ್ವತಂತ್ರವಾದ ಮೇಲೆ ‘ಹರಾಂಬೀ’, ಅಂದರೆ ಎಲ್ಲರೂ ಕೂಡಿ ಎಳೆಯೋಣ, ಎಂಬ ಘೋಷಣೆಯ ಅಡಿಯಲ್ಲಿ ಜನರು ತಮ್ಮ ವಂತಿಗೆಯಿಂದ ಅನೇಕ ಶಾಲೆಗಳನ್ನು ಕಟ್ಟಿಕೊಂಡರು. ಆದರೂ ಆ ಖಂಡಕ್ಕೆ ಹೊರಗಿನಿಂದ ಹರಿದುಬಂದ ನಿಧಿಯ ಬಹುಭಾಗ ಪಾಶ್ಚಾತ್ಯ ಸಂಸ್ಥೆಗಳ ಕೈಯಲ್ಲಿಯೇ ಸಾಗಿತು. ಆಫ್ರಿಕನ್ನರೇ ನಡೆಸುವ ಸಂಸ್ಥೆಗಳಿಗೆ ನೇರವಾಗಿ ದಕ್ಕಿದ್ದು ಅಲ್ಪ. ಇದಕ್ಕೆ ಪರಿಹಾರವಾಗಿ ೧೯೯೭ರಲ್ಲಿ ಕೀನ್ಯಾ ಸಮುದಾಯ ಅಭಿವೃದ್ಧಿ ಪ್ರತಿಷ್ಠಾನವೂ ೨೦೦೦ದಲ್ಲಿ ಆಫ್ರಿಕನ್ ಮಹಿಳಾ ಅಭಿವೃದ್ಧಿ ನಿಧಿಯೂ ಅಲ್ಲಿಯವರ ನೇತೃತ್ವದಲ್ಲಿ ಹುಟ್ಟಿದವು. ಮೊದಲನೆಯದು ಸಮುದಾಯಗಳು ಕರಗದ ಮೂಲಧನವನ್ನು ಕೂಡಿಸಿಕೊಳ್ಳುವುದಕ್ಕೆ ನೆರವಾಗುತ್ತದೆ. ನಮ್ಮ ದತ್ತಿಯ ತತ್ತ್ವವನ್ನೇ ಅವರು ತಮ್ಮ ದಾರಿಯಿಂದ ಕಂಡುಕೊಂಡಿದ್ದಾರೆನ್ನಬಹುದು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಗಿನ ದಾನವು ಬೇಡವೆಂಬ ಸಿದ್ಧಾಂತ ಹೊರಡುವುದಿಲ್ಲ. ದಾನವು ಊರಿನ ನಿರ್ಣಯಶಕ್ತಿಯನ್ನು ಬೆಳೆಸಿದರೆ ಸಾರ್ಥಕ, ಅದನ್ನು ಕಸಿದುಕೊಂಡರೆ ವ್ಯರ್ಥ, ಎಂಬಿಷ್ಟೇ ಇಲ್ಲಿಯ ತಾತ್ಪರ್ಯ. ಆದುದರಿಂದ ಸಂಘದ ಬರಹಗಾರನ ಸಂಬಳ, ಕಚೇರಿಯ ಬಾಡಿಗೆ, ಪ್ರಯಾಣ ಮೊದಲಾದ ನಿತ್ಯದ ವೆಚ್ಚಗಳನ್ನು ದಾನಿಗಳು ಹಗುರವಾಗಿ ಎಣಿಸಬಾರದು. ಕಂಬವಿಲ್ಲದೆ ಚಾವಣಿ ನಿಲ್ಲದು. ದಾನದ ಒಂದು ಭಾಗವಾದರೂ ಕರಗದ ನಿಧಿಯಾಗಿ ಊರಿನಲ್ಲಿ ನಿಲ್ಲಬೇಕು. ಲೆಕ್ಕವು ದಾನಿಗೆ ಇಂಗ್ಲಿಷಿನಲ್ಲಿ ಹೋಗುವ ಮೊದಲು ಊರಿನ ಸಭೆಯಲ್ಲಿ ಕನ್ನಡದಲ್ಲಿ ಓದಲ್ಪಡಬೇಕು. ಆ ಸಭೆಯಲ್ಲಿ ಹೊಲವಿಲ್ಲದವರಿಗೂ ಹೆಂಗಸರಿಗೂ ಪ್ರಶ್ನಿಸುವ ಅವಕಾಶವಿರಬೇಕು.

ಈ ಕ್ಷೇತ್ರದಲ್ಲಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಮಾಡಬಹುದಾದ ಕಾರ್ಯ ಬಹಳವಿದೆ. ನಾಲ್ಕು ತಾಲೂಕುಗಳಲ್ಲಿ ಒಂದೊಂದು ಸಂಘವನ್ನು ಆರಿಸಿಕೊಂಡು ಅದರ ಕಿರ್ದಿ ಮತ್ತು ಠರಾವು ಪುಸ್ತಕಗಳನ್ನು ಅನುಮತಿ ಪಡೆದು ಪರಿಶೀಲಿಸಲಿ. ಠರಾವನ್ನು ಮಂಡಿಸಿದವರಾರು, ಅನುಮೋದಿಸಿದವರಾರು, ಹಣ ಬರುವ ಮೊದಲು ಊರು ಕೇಳಿದ್ದೇನು, ಬಂದ ಮೇಲೆ ನಡೆದದ್ದೇನು ಎಂಬುದನ್ನು ಗುರುತು ಹಾಕಿಕೊಳ್ಳಲಿ. ಕೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವೇ ದಾನದ ನಿಜವಾದ ಅಳತೆ. ಆ ಅಳತೆಯನ್ನು ಹಿಡಿಯುವ ಕೆಲಸಕ್ಕೆ ದೊಡ್ಡ ನಿಧಿಯೇನೂ ಬೇಕಾಗಿಲ್ಲ.