ಹೊನ್ನೆಳೆ ತಾಮ್ರವಾಗದಂತೆ

ಹೈಲೈಟ್ಸ್ ಮಾಡಿಸಿಕೊಂಡು ಮನೆಗೆ ಬಂದ ದಿನ ನಮ್ಮತ್ತೆ ನನ್ನನ್ನು ಹಿಂದಿನಿಂದ ನೋಡಿ, "ಏನೇ ಇದು, ತಲೆ ಮೇಲೆ ಬೂದಿ ಬಿದ್ದಿದೆಯಾ?" ಎನ್ನುತ್ತ ಸೆರಗಿನಿಂದ ಒರೆಸಲು ಬಂದಿದ್ದರು. ಒರೆಸಿದರೆ ಹೋಗುವಂಥದ್ದಲ್ಲ ಅಂತ ತಿಳಿದ ಮೇಲೆ ಎರಡು ದಿನ ಮಾತಿಲ್ಲ. ಮೂರನೆಯ ದಿನ ನಾನು ಅಂಗಳದಲ್ಲಿ ಹಪ್ಪಳ ಹರವುತ್ತಿದ್ದಾಗ ಅವರೇ, "ಬಿಸಿಲಲ್ಲಿ ಚೆನ್ನಾಗೇ ಕಾಣುತ್ತೆ ಬಿಡು" ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಆದರೆ ಆ ಸಂತೋಷ ಒಂದೂವರೆ ತಿಂಗಳು. ಅಷ್ಟರಲ್ಲಿ ನನ್ನ ಹೊನ್ನಿನ ಎಳೆಗಳೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೆಂಬಿನ ಬಣ್ಣಕ್ಕೆ ತಿರುಗಿದವು. ಅದನ್ನು ಸರಿಮಾಡಲು ಹೋಗಿ ನಾನು ಮಾಡಿಕೊಂಡ ಅವಾಂತರವನ್ನು ಮುಂದೆ ಹೇಳುತ್ತೇನೆ.

ನೀವೂ ಮಾಡಿಸಿಕೊಂಡಿದ್ದೀರಾ? ಅಥವಾ ತಮ್ಮನ ಮದುವೆಗೋ ಮಗಳ ನಿಶ್ಚಿತಾರ್ಥಕ್ಕೋ ಮಾಡಿಸಿಕೊಳ್ಳುವ ಮನಸ್ಸಿದೆಯೆ? ಬೆಂಗಳೂರಿನ ಹೆಂಗಸರಿಗೆ ಬೀದಿಗೊಂದು ಪಾರ್ಲರು. ನೆಟ್ಟಗಿಲ್ಲ ಅನ್ನಿಸಿದರೆ ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಸರಿಮಾಡಿಸಿಕೊಂಡು ಬರುತ್ತಾರೆ. ನಮ್ಮ ನಿಮ್ಮಂಥವರು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿಯಬೇಕು, ಮಧ್ಯಾಹ್ನದ ಅಡುಗೆ ಬೆಳಿಗ್ಗೆಯೇ ಮುಗಿಸಿಡಬೇಕು, ದುಡ್ಡಿನ ಲೆಕ್ಕ ಬೇರೆ. ಮೂರು ತಿಂಗಳಿಗೊಮ್ಮೆ ಹೋದರೆ ಅದೇ ದೊಡ್ಡದು. ಆದ್ದರಿಂದ ಆ ಮೂರು ತಿಂಗಳು ನಮ್ಮ ಬಚ್ಚಲುಮನೆಯಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೇ ಎಲ್ಲವೂ ನಿಂತಿದೆ.

ತಾಮ್ರ ಎಲ್ಲಿಂದ ಬಂತು?

ಕಪ್ಪು ಸೀರೆಗೆ ಹಳದಿ ಬಣ್ಣ ಹಾಕಿದರೆ ಹತ್ತುತ್ತದೆಯೆ? ಇಲ್ಲವಷ್ಟೆ. ಕೂದಲೂ ಹಾಗೆಯೇ. ಮೊದಲು ಕಪ್ಪನ್ನು ತೆಗೆಯಬೇಕು. ನಮ್ಮ ಕೂದಲಿಗೆ ಕಪ್ಪು ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಪಾರ್ಲರಿನವರು ಹೈಡ್ರೋಜನ್ ಪೆರಾಕ್ಸೈಡಿಗೆ ಬ್ಲೀಚ್ ಪುಡಿ ಕಲಸಿ, ತೆಳ್ಳಗೆ ಆರಿಸಿದ ಎಳೆಗಳಿಗೆ ಹಚ್ಚಿ, ಬೆಳ್ಳಿಯಂತೆ ಹೊಳೆಯುವ ಫಾಯಿಲ್ ಹಾಳೆಯಲ್ಲಿ ಸುತ್ತಿಡುತ್ತಾರೆ. ಅದು ಕೂದಲಿನ ಹೊರಪದರವನ್ನು ಬಿಡಿಸಿ, ಒಳಹೊಕ್ಕು, ಮೆಲನಿನ್ನನ್ನು ಒಡೆಯುತ್ತದೆ. ಕಪ್ಪು ಕೂದಲು ಒಂದೇ ಏಟಿಗೆ ಹೊನ್ನಾಗುವುದಿಲ್ಲ. ಮೊದಲು ಕೆಂಪು ಬೆರೆತ ಕಂದು, ಆಮೇಲೆ ಕೆಂಪು, ಆಮೇಲೆ ಕಿತ್ತಳೆ, ಅದೂ ದಾಟಿದ ಮೇಲೆ ಹಳದಿ. ನಮ್ಮವರ ಕೂದಲನ್ನು ಸಾಮಾನ್ಯವಾಗಿ ಕಿತ್ತಳೆಯ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ, ಮುಂದೆ ಹೋದರೆ ಎಳೆ ತಾಳುವುದಿಲ್ಲ ಅಂತ. ಆ ಕಿತ್ತಳೆಯನ್ನು ಮುಚ್ಚಲು ಕೊನೆಯಲ್ಲಿ ಟೋನರ್ ಎಂಬ ತೆಳುಬಣ್ಣ ಹಚ್ಚುತ್ತಾರೆ.

ಪಾರ್ಲರಿನ ಕನ್ನಡಿಯಲ್ಲಿ ನೀವು ಕಂಡು ಖುಷಿಪಟ್ಟದ್ದು ಈ ಟೋನರನ್ನು! ಅದು ನಾಲ್ಕರಿಂದ ಆರು ವಾರಗಳಲ್ಲಿ ತೊಳೆದುಹೋಗುತ್ತದೆ, ಕೆಳಗಿದ್ದ ಕಿತ್ತಳೆ ಹೊರಬೀಳುತ್ತದೆ. ಮುಸುಕು ಜಾರಿತು ಅಷ್ಟೆ. ಪಾರ್ಲರಿನವರು ಮೋಸ ಮಾಡಿದರು ಅಂತ ನಾನೂ ಬೈದುಕೊಂಡವಳೇ, ಈಗ ಗೊತ್ತಾಯಿತು. ಹಾಗಾಗಿ ನಮಗಿರುವುದು ಎರಡೇ ಕೆಲಸ: ಆ ಮುಸುಕನ್ನು ಆದಷ್ಟು ದಿನ ಉಳಿಸಿಕೊಳ್ಳುವುದು, ಪದರ ಬಿಟ್ಟ ಕೂದಲು ಮುರಿಯದಂತೆ ಕಾಯುವುದು.

ಹೋಗುವ ಮುನ್ನ

ತಲೆಗೆ ಹಿಂದೆ ಏನೇನು ಹಚ್ಚಿದ್ದೀರಿ ಎಂಬುದನ್ನು ಪಾರ್ಲರಿನವರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ನರೆಗೂದಲ ಗುಟ್ಟು ಅಂತ ನಾಚಬೇಡಿ. ಬರೀ ಗೋರಂಟಿ ಎಲೆಯ ಪುಡಿಯಾದರೆ ಅಪಾಯವೇನಿಲ್ಲ, ಆದರೆ ಅದರ ಕೆಂಪು ಬ್ಲೀಚಿಗೂ ಸುಲಭಕ್ಕೆ ಜಗ್ಗುವುದಿಲ್ಲ. ನೀಲಿ ಸೊಪ್ಪಿನ ಪುಡಿ ಸೇರಿಸಿ ಹಚ್ಚಿದ್ದರೆ ಹಸಿರು ಛಾಯೆ ಬರುವುದುಂಟು. ಹೆದರಬೇಕಾದದ್ದು ಬೇರೆಯದಕ್ಕೆ. ಅಂಗಡಿಯ ಕೆಲವು ಕಪ್ಪು ಮೆಹಂದಿಗಳಲ್ಲಿ, ದಿನಾ ಹಚ್ಚುತ್ತ ಹೋದರೆ ನಿಧಾನಕ್ಕೆ ಕಪ್ಪಾಗಿಸುವ ಕೆಲವು ದ್ರವಗಳಲ್ಲಿ ಲೋಹದ ಲವಣಗಳಿರುತ್ತವೆ. ಅದರ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯೇರಿ ಹೊಗೆಯಾಡಬಹುದು, ಎಳೆ ತುಂಡಾಗಿ ಕೈಗೇ ಬರಬಹುದು. ಏನು ಹಚ್ಚಿದ್ದೆ ಅಂತ ನಿಮಗೇ ನೆನಪಿಲ್ಲದಿದ್ದರೆ ಒಂದು ಉಪಾಯವಿದೆ. ಬಾಚಣಿಗೆಗೆ ಬಂದ ಕೂದಲನ್ನು ಒಂದು ವಾರ ಕೂಡಿಟ್ಟು, ಪೊಟ್ಟಣ ಕಟ್ಟಿಕೊಂಡು ಹೋಗಿ. ಮೊದಲು ಅದಕ್ಕೆ ಬ್ಲೀಚ್ ಹಚ್ಚಿ ಅರ್ಧ ಗಂಟೆ ನೋಡಲಿ. ಬಿಸಿಯಾದರೆ, ಬಣ್ಣ ಕೆಟ್ಟರೆ, ನಮಸ್ಕಾರ ಹೇಳಿ ಎದ್ದು ಬನ್ನಿ.

ಇನ್ನೊಂದು ಪರೀಕ್ಷೆ ಚರ್ಮದ್ದು. ಟೋನರು, ಹೇರ್ ಡೈಗಳಲ್ಲಿರುವ ಕೆಲವು ರಾಸಾಯನಿಕಗಳು, ಮುಖ್ಯವಾಗಿ ಕಡುಬಣ್ಣಗಳಲ್ಲಿ ಬಳಸುವ ಪಿ.ಪಿ.ಡಿ. ಎಂಬುದು, ಎಲ್ಲರಿಗೂ ಒಗ್ಗುವುದಿಲ್ಲ. 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಬೇಕು. ಎರಡು ಸಲ ಬಸ್ ಚಾರ್ಜು ಅಂತ ಗೊಣಗಿದರೂ ಪರವಾಗಿಲ್ಲ, ಇದನ್ನು ಬಿಡಬೇಡಿ. ಕೈಗೆ ಕಪ್ಪು ಮೆಹಂದಿ ಹಾಕಿಸಿಕೊಂಡಾಗ ಬೊಬ್ಬೆ ಎದ್ದಿದ್ದವರಂತೂ ಚರ್ಮದ ಡಾಕ್ಟರನ್ನು ಕೇಳದೆ ಬಣ್ಣದ ತಂಟೆಗೇ ಹೋಗಬಾರದು.

ಎಳೆ ಎಷ್ಟು ದಪ್ಪ ಇರಬೇಕು ಅನ್ನುವುದನ್ನೂ ಮೊದಲೇ ಹೇಳಿ. ಪಾರ್ಲರಿನ ಗೋಡೆಯ ಚಿತ್ರದಲ್ಲಿರುವ ಹುಡುಗಿ ಕೂದಲು ಹರಡಿಕೊಂಡಿರುತ್ತಾಳೆ. ನಾವೋ ಜಡೆ ಹೆಣೆಯುವವರು, ತುರುಬು ಕಟ್ಟುವವರು. ದಪ್ಪ ದಪ್ಪ ಪಟ್ಟೆ ಮಾಡಿಸಿಕೊಂಡು ಜಡೆ ಹೆಣೆದರೆ ಎರಡು ಬಣ್ಣದ ಹುರಿಹಗ್ಗದ ಹಾಗೆ ಕಾಣುತ್ತದೆ. ದಾರದಷ್ಟು ತೆಳ್ಳಗೆ ಆರಿಸಲು ಹೇಳಿ. ಜಡೆಯ ಮಡಿಕೆಯಲ್ಲಿ ಅಲ್ಲಲ್ಲಿ ಮಿಂಚಿದರೆ ಅದೇ ಚೆಂದ, ಮಲ್ಲಿಗೆ ದಂಡೆಯ ಕೆಳಗಂತೂ ಕೇಳಲೇಬೇಡಿ. ನಾಲ್ಕಾರು ನರೆಗೂದಲಿದ್ದವರಿಗೆ ಇನ್ನೂ ಅನುಕೂಲ, ನರೆಯೂ ಹೈಲೈಟ್ಸಿನಲ್ಲಿ ಬೆರೆತುಹೋಗುತ್ತದೆ. ಈಗ ಬಾಲಯಾಜ್ ಎಂಬ ಇನ್ನೊಂದು ವಿಧಾನವೂ ಬಂದಿದೆ. ಬುಡ ಬಿಟ್ಟು, ಬ್ರಷ್ಷಿನಿಂದ ಕೆಳಕೆಳಕ್ಕೆ ತೀಡುತ್ತಾರೆ. ಆ ಫ್ರೆಂಚ್ ಪದಕ್ಕೆ ಅರ್ಥ 'ಗುಡಿಸುವುದು' ಅಂತ! ದಿನಾ ಬೆಳಗಾದರೆ ನಾವು ಮಾಡುವುದು ಅದನ್ನೇ ಅಲ್ಲವೆ? ಬುಡದಿಂದ ಶುರುವಾಗದ ಕಾರಣ ಕೂದಲು ಬೆಳೆದರೂ ಗೆರೆ ಎದ್ದು ಕಾಣುವುದಿಲ್ಲ. ದೂರದ ಊರಿನವರಿಗೆ ನನ್ನ ಓಟು ಇದಕ್ಕೇ.

ನೀರು ಮತ್ತು ಎಣ್ಣೆ

ಮನೆಗೆ ಬಂದ ಮೇಲೆ ಎರಡು ದಿನ ತಲೆಗೆ ನೀರು ಹಾಕಬೇಡಿ. ಆಮೇಲೂ ವಾರಕ್ಕೆ ಎರಡು ಸಲ ಸಾಕು. ಪ್ರತಿ ತಲೆಸ್ನಾನಕ್ಕೂ ಟೋನರು ಸ್ವಲ್ಪ ಸ್ವಲ್ಪ ಇಳಿಯುತ್ತದೆ ಎಂಬುದು ನೆನಪಿರಲಿ. ಹಂಡೆಯಲ್ಲಿ ಹಬೆಯಾಡುವ ನೀರನ್ನು ನೆತ್ತಿಗೆ ಸುರಿದುಕೊಳ್ಳುವ ಸುಖ ನನಗೂ ಗೊತ್ತು. ಆದರೆ ಬಣ್ಣವನ್ನು ಬೇಗ ಕದಿಯುವುದರಲ್ಲಿ ಬಿಸಿನೀರಿಗೂ ಪಾಲುಂಟು. ಉಗುರು ಬೆಚ್ಚಗಿದ್ದರೆ ಸಾಕು, ಮೈಗೆ ಬೇಕಾದಷ್ಟು ಬಿಸಿ ಹಾಕಿಕೊಳ್ಳಿ. ಶಾಂಪೂ ಕೊಳ್ಳುವಾಗ ಸಲ್ಫೇಟ್ ಇಲ್ಲದ್ದನ್ನು ಕೇಳಿ. ಸೀಗೆಪುಡಿ ಬಳಸುವವರು ಈ ಎಳೆಗಳ ಮಟ್ಟಿಗೆ ಅದನ್ನು ಬಿಡುವುದು ಮೇಲು. ಪುಡಿಯ ಕಣ ಒರಟಾದ ಕೂದಲಲ್ಲಿ ಸಿಕ್ಕಿಕೊಂಡು ಮಂಕು ಬರಿಸುತ್ತದೆ, ಒಣಗಿಸಿ ಸಿಕ್ಕು ಕಟ್ಟಿಸುತ್ತದೆ.

ನಮ್ಮೂರು ಬಯಲುಸೀಮೆಯದು. ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ, ಕಾಯಿಲ್ಲಿನ ಮೈಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣದ ಅಂಶ ಕೂದಲಿಗೂ ಕಟ್ಟುತ್ತದೆ. ಬ್ಲೀಚಾದ ಕೂದಲು ಸ್ಪಂಜಿನ ಹಾಗೆ, ಎಲ್ಲವನ್ನೂ ಹೀರುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕೆಂಪು ಇನ್ನೂ ಏರುತ್ತದೆ. ಇಡೀ ಸ್ನಾನಕ್ಕೆ ಸಿಹಿನೀರು ತರಲು ಆದೀತೆ? ಬೇಡ. ಕೊನೆಯ ಎರಡು ಚೆಂಬು ಮಾತ್ರ ಫಿಲ್ಟರ್ ನೀರೋ ಮಳೆನೀರೋ ಇರಲಿ. ಅದೂ ಇಲ್ಲದಿದ್ದರೆ ರಾತ್ರಿ ನೀರು ಕುದಿಸಿಟ್ಟು, ಬೆಳಿಗ್ಗೆ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಒಂದಿಷ್ಟು ಗಡಸು ತಳಕ್ಕೆ ಕೂತಿರುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನಿಗರ್ ಬೆರೆಸಿ ಕೂದಲ ಮೇಲೆ ಸುರಿದು, ಮತ್ತೆ ಬರೀ ನೀರಲ್ಲಿ ತೊಳೆಯಿರಿ. ವಾಸನೆ ಒಣಗಿದಾಗ ಹೋಗುತ್ತದೆ.

ಎಣ್ಣೆಯ ವಿಷಯದಲ್ಲಿ ನಮ್ಮಜ್ಜಿಯರೇ ಗೆದ್ದರು. ಮುಂಬೈಯ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆಯೊಂದೇ. ಅದರಲ್ಲಿನ ಲಾರಿಕ್ ಆಮ್ಲ ಎಳೆಯ ಒಳಕ್ಕೇ ಇಳಿಯುತ್ತದೆಯಂತೆ. ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ತುದಿಗಳಿಗೆ ಸವರಿ. ಸುರಿಯುವಷ್ಟು ಹಾಕಿಕೊಂಡರೆ ತೆಗೆಯಲು ಎರಡೆರಡು ಸಲ ಶಾಂಪೂ ಬೇಕಾಗಿ, ಟೋನರೂ ಅದರ ಜೊತೆ ಹೋಗುತ್ತದೆ. ಗರುಗದ ಸೊಪ್ಪು, ಕರಿಬೇವು ಹಾಕಿ ಕಾಯಿಸಿದ ಹಸಿರೆಣ್ಣೆಯನ್ನು ನೆತ್ತಿಗೆ ಬೇಕಾದರೆ ಹಚ್ಚಿ, ಹೊನ್ನೆಳೆಗೆ ಬೇಡ.

ಮದುವೆ ಮನೆಯಲ್ಲಿ ಅರಿಶಿನ ಹಚ್ಚುವ ಶಾಸ್ತ್ರದ ದಿನ ತಲೆಗೊಂದು ಟವೆಲ್ಲು ಕಟ್ಟಿಕೊಳ್ಳಿ. ಅರಿಶಿನದ ಕೈ ತಗುಲಿದರೆ ಬ್ಲೀಚಾದ ಎಳೆ ಪಟ್ಟನೆ ಹಳದಿ ಹಿಡಿಯುತ್ತದೆ, ಅಕ್ಷತೆಯ ಹಾಗೆ.

ಬಿಳಿ ಪಂಚೆಗೆ ನೀಲಿ

ಬಿಳಿ ಪಂಚೆ ಹಳದಿಯಾದರೆ ನೀಲಿ ಹಾಕುತ್ತೇವಲ್ಲ, ಕೂದಲಿಗೂ ಅದೇ ಲೆಕ್ಕ. ಹಳದಿಯನ್ನು ಅಡಗಿಸುವುದು ನೇರಳೆ ಬಣ್ಣ, ಕಿತ್ತಳೆಯನ್ನು ಅಡಗಿಸುವುದು ನೀಲಿ. ಅಂಗಡಿಯವರು ಬಹಳ ಸಲ ನೇರಳೆ ಶಾಂಪೂವನ್ನೇ ಕೈಗಿಡುತ್ತಾರೆ. ನಮ್ಮ ಕೂದಲಿನ ತಾಮ್ರಕ್ಕೆ ಬೇಕಾದದ್ದು ನೀಲಿ. ನಾಲ್ಕನೆಯ ವಾರದ ಹೊತ್ತಿಗೆ ಕೆಂಪು ಇಣುಕಿದಾಗ ಶುರುಮಾಡಿ, ವಾರಕ್ಕೊಮ್ಮೆ, ಮೂರು ನಿಮಿಷ ಬಿಟ್ಟು ತೊಳೆದು, ಕಂಡೀಷನರ್ ಹಚ್ಚಿ. ಹೆಚ್ಚು ಬಿಟ್ಟರೆ ಹೆಚ್ಚು ಒಳ್ಳೆಯದು ಅಂತಿಲ್ಲ, ಕೂದಲು ಮಂಕಾಗುತ್ತದೆ. ಹಾಗಂತ ಬಟ್ಟೆಯ ನೀಲಿಯನ್ನೇ ತಲೆಗೆ ಸುರಿದುಕೊಳ್ಳಬೇಡಿ ಮತ್ತೆ! ಮಾತಿಗೆ ಹೇಳಿದ್ದು.

ಈಗ ನನ್ನ ಅವಾಂತರದ ಕತೆ. ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಎರಡೇ ದಿನ ಉಳಿದಿತ್ತು. ಪಾರ್ಲರಿಗೆ ಹೋಗಲು ಪುರಸೊತ್ತಿಲ್ಲ. ಕಿತ್ತಳೆ ಬಣ್ಣ ಅಂದರೆ ಬ್ಲೀಚ್ ಸಾಲದು, ಇನ್ನೊಂದು ಸುತ್ತು ಹಾಕಿದರೆ ಹೊನ್ನಾದೀತು ಅಂತ ನನ್ನ ತರ್ಕ. ಮನೆಯಲ್ಲಿ ಮುಖಕ್ಕೆ ಹಚ್ಚುವ ಬ್ಲೀಚ್ ಡಬ್ಬಿ ಇತ್ತು. ಎಡಗಿವಿಯ ಹಿಂದಿನ ಒಂದು ಎಳೆಗೆ ಮೆತ್ತಿಕೊಂಡು ಸಾರಿಗೆ ಒಗ್ಗರಣೆ ಹಾಕಲು ಹೋದೆ. ಅಷ್ಟರಲ್ಲಿ ಗ್ಯಾಸಿನವನು ಬಂದ, ಹಾಲಿನ ಲೆಕ್ಕ ಬಂತು. ನೆನಪಾಗಿ ತೊಳೆಯುವಾಗ ಕೂದಲು ನೆನೆಸಿದ ಶ್ಯಾವಿಗೆಯ ಹಾಗೆ ಹಿಗ್ಗಿತು, ಆಮೇಲೆ ಕಟ್ಟಾಗಿ ಬೆರಳಿಗೆ ಸುತ್ತಿಕೊಂಡಿತು. ಒಂದಂಗುಲದ ಕುಚ್ಚು ಕಿವಿಯ ಹಿಂದೆ ಮುಳ್ಳುಹಂದಿಯ ಹಾಗೆ ನಿಂತುಬಿಟ್ಟಿತು. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ ಅರ್ಧ ಅಂಗುಲ. ಆ ಕುಚ್ಚು ಜಡೆಗೆ ಸಿಕ್ಕಲು ಒಂದೂವರೆ ವರ್ಷ ಹಿಡಿಯಿತು. ನಿಶ್ಚಿತಾರ್ಥದ ಫೋಟೋದಲ್ಲೆಲ್ಲ ನಾನು ಎಡಗಡೆಗೇ ಹೂ ಮುಡಿದಿದ್ದೇನೆ.

ಒಮ್ಮೆ ಬ್ಲೀಚಾದ ಎಳೆಗೆ ಮನೆಯಲ್ಲಿ ಮತ್ತೆ ಬ್ಲೀಚ್, ಖಂಡಿತ ಬೇಡ. ನಿಂಬೆರಸ ಹಿಂಡಿಕೊಂಡು ಬಿಸಿಲಲ್ಲಿ ಕೂರುವುದೂ ಬೇಡ. ಕಪ್ಪು ಕೂದಲಿಗೆ ಅದರಿಂದ ಕೆಂಪೇ ಹೆಚ್ಚುವುದು, ಕುತ್ತಿಗೆಗೆ ಇಳಿದ ರಸಕ್ಕೆ ಬಿಸಿಲು ತಾಕಿದರೆ ಚರ್ಮ ಸುಟ್ಟ ಹಾಗೆ ಕಪ್ಪುಗಟ್ಟುತ್ತದೆ. ತೀರಾ ಅವಸರವಿದ್ದರೆ ಪೆರಾಕ್ಸೈಡ್, ಅಮೋನಿಯಾ ಎರಡೂ ಇಲ್ಲದ ಬಣ್ಣದ ಕಂಡೀಷನರ್ ಸಿಗುತ್ತದೆ. ಕಂದು ಛಾಯೆಯದನ್ನು ಹಚ್ಚಿದರೆ ಕೆಲವು ಸ್ನಾನಗಳ ತನಕ ಮಾನ ಕಾಪಾಡುತ್ತದೆ.

ಬುಡದಲ್ಲಿ ಕಪ್ಪು ಕಾಣತೊಡಗಿದರೆ ಬೈತಲೆಯನ್ನು ನೆಟ್ಟಗೆ ತೆಗೆಯುವ ಬದಲು ಬಾಚಣಿಗೆಯ ತುದಿಯಿಂದ ಹಾವಿನ ನಡಿಗೆಯಂತೆ ತೆಗೆಯಿರಿ, ಗೆರೆ ಮರೆಯಾಗುತ್ತದೆ. ಕುಂಕುಮ ಇಡುವಷ್ಟು ಮುಂದಿನ ಭಾಗ ನೆಟ್ಟಗಿದ್ದರೆ ಸಾಕು. ಹೊರಗೆ ಬಟ್ಟೆ ಒಣಹಾಕುವಾಗ ಸೆರಗು ತಲೆಯ ಮೇಲಿರಲಿ, ಬಿಸಿಲೂ ಬಣ್ಣ ತಿನ್ನುತ್ತದೆ. ಇದೆಲ್ಲ ಸಾಕಾಯಿತು, ಮತ್ತೆ ಕಪ್ಪಾಗೋಣ ಅನ್ನಿಸಿದರೆ ಮನೆಯಲ್ಲಿ ಕಪ್ಪು ಡೈ ಬಳಿದುಕೊಳ್ಳಬೇಡಿ. ಬ್ಲೀಚಾದ ಎಳೆ ಅದನ್ನು ಒಂದೇ ಸಮನೆ ಹಿಡಿಯುವುದಿಲ್ಲ. ಮುಂದಿನ ಸಲ ಹೋದಾಗ ಪಾರ್ಲರಿನಲ್ಲೇ ಮಾಡಿಸಿ.

ಒರಟಾದ ತುದಿಗಳಿಗೆ ಹಿತ್ತಲಲ್ಲೇ ಮದ್ದಿದೆ. ಹದಿನೈದು ಇಪ್ಪತ್ತು ದಾಸವಾಳದ ಎಲೆ ತೊಳೆದು, ಒಂದು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಚೆನ್ನಾಗಿ ಕಿವುಚಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ. ಸೊಪ್ಪಿನ ಚೂರು ಉಳಿದರೆ ಬಾಚುವಾಗ ಕಣ್ಣೀರು. ಆ ಲೋಳೆಯನ್ನು ಶಾಂಪೂ ಆದ ಮೇಲೆ ತುದಿಗಳಿಗೆ ಸವರಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಸಿಕ್ಕು ತಾನಾಗಿ ಬಿಡುತ್ತದೆ. ಕೆಂಪು ಹೂವನ್ನು ಮಾತ್ರ ಇದಕ್ಕೆ ಕಿವುಚಬೇಡಿ, ಬಣ್ಣ ಬಿಡುತ್ತದೆ. ಅದು ದೇವರಿಗೇ ಇರಲಿ.