ಪೇಟೆಯ ಹೊಗೆ, ನಮ್ಮ ಹೊಲ

ಅಕ್ಕಲಕೋಟೆಯ ಕಡೆಯಿಂದ ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ಹೇರಿಕೊಂಡು ಹೋದವರಿಗೆ ಇದು ಗೊತ್ತಿರುವ ಮಾತು. ಲಾರಿ, ಟೆಂಪೋ, ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತವೆ. ಎಂಜಿನ್ ಬಂದ್ ಮಾಡುವವರು ಕಡಿಮೆ. ಮನೆಗೆ ಬಂದು ಮುಖ ಒರೆಸಿಕೊಂಡರೆ ಟವೆಲ್ ಕಪ್ಪಾಗುತ್ತದೆ. "ಪೇಟೆಯ ಹೊಗೆ ಪೇಟೆಗೇ ಇರಲಿ, ನಮ್ಮೂರ ಗಾಳಿ ಶುದ್ಧ" ಎಂದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಈ ಸಮಾಧಾನ ಎಷ್ಟು ಸರಿ ಎಂಬುದನ್ನು ಈ ಸಲ ವಿಚಾರ ಮಾಡೋಣ.

ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿತು. ಗಾಳಿಯ ಮಾಲಿನ್ಯ ಮಿತಿ ಮೀರಿದ ನಗರಗಳ ಅದರ ಪಟ್ಟಿಯಲ್ಲಿ ಸೊಲ್ಲಾಪುರವೂ ಸೇರಿದೆ. ರಸ್ತೆಯ ಧೂಳು, ವಾಹನದ ಹೊಗೆ, ಕಸ ಸುಡುವುದು ಇವೆಲ್ಲ ಕೂಡಿ ಗಾಳಿ ಕೆಡುತ್ತದೆ.

ದೇಹಕ್ಕೆ ಏನಾಗುತ್ತದೆ?

ಡೀಸೆಲ್ ಹೊಗೆಯಲ್ಲಿ ಕೂದಲಿನ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣ ಕಣಗಳಿರುತ್ತವೆ. ಮೂಗಿನ ಕೂದಲು ಇವನ್ನು ತಡೆಯಲಾರದು. ಇವು ಪುಪ್ಪುಸದ ತಳದವರೆಗೆ ಇಳಿಯುತ್ತವೆ. ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ದಮ್ಮು, ಹೃದಯದ ಬೇನೆ ಇದರಿಂದ ಹೆಚ್ಚುತ್ತವೆ. ಡೀಸೆಲ್ ಹೊಗೆ ಕ್ಯಾನ್ಸರ್‌ಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಸಾರಿತು. ಚಿಕ್ಕ ಮಕ್ಕಳ ಮೂಗು ಸೈಲೆನ್ಸರಿನ ಎತ್ತರಕ್ಕೇ ಇರುವುದರಿಂದ ಅವರಿಗೆ ಅಪಾಯ ಹೆಚ್ಚು.

ಸುಧಾರಣೆಯೂ ಆಗಿದೆ. 2000ದಲ್ಲಿ ನಮ್ಮ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದರು. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ವಾಹನಗಳು ಬಿಎಸ್-6 ನಿಯಮದಂತೆ ಕಡಿಮೆ ಹೊಗೆ ಬಿಡುತ್ತವೆ. ಆದರೆ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ.

ಬೆಳೆಗೆ ಏನಾಗುತ್ತದೆ?

ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಮತ್ತು ಸುಡದೆ ಉಳಿದ ಇಂಧನದ ಆವಿ ಬಿಸಿಲಿನಲ್ಲಿ ಕೂಡಿ ಓಝೋನ್ ಅನಿಲವಾಗುತ್ತದೆ. ಆಕಾಶದ ಮೇಲ್ಪದರದಲ್ಲಿ ಓಝೋನ್ ನಮ್ಮನ್ನು ಕಾಯುತ್ತದೆ. ನೆಲದ ಮಟ್ಟದಲ್ಲಿ ಅದು ವಿಷ. ಇದು ತಯಾರಾಗಲು ಕೆಲವು ತಾಸು ಬೇಕು. ಅಷ್ಟರಲ್ಲಿ ಗಾಳಿ ಅದನ್ನು ಹಳ್ಳಿಗೆ ತಂದಿರುತ್ತದೆ. ಆದ್ದರಿಂದ ಪೇಟೆಯ ನಡುವಿಗಿಂತ ಸುತ್ತಲಿನ ಹೊಲದಲ್ಲಿಯೇ ಓಝೋನ್ ಹೆಚ್ಚಿರುವುದುಂಟು. ಇದು ಎಲೆಯ ಸೂಕ್ಷ್ಮ ರಂಧ್ರಗಳಿಂದ ಒಳಹೊಕ್ಕು ಇಳುವರಿಯನ್ನು ತಗ್ಗಿಸುತ್ತದೆ. ಗೋಧಿ, ಸೋಯಾಬೀನ್‌ಗಳಿಗೆ ಇದರ ಪೆಟ್ಟು ಹೆಚ್ಚು. ಎಲೆಯ ಮೇಲೆ ಸಣ್ಣ ಚುಕ್ಕೆ ಬಿದ್ದು ಬೇಗ ಹಳದಿಯಾದರೆ ರೋಗವೇ ಎಂದು ತಿಳಿದು ಔಷಧ ಹೊಡೆಯಬೇಡಿ. ಮೊದಲು ಎಲೆಯನ್ನು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿರಿ.

ಮಳೆಗೂ ಹೊಗೆಗೂ ಏನು ಸಂಬಂಧ?

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಒಂದು ಕಿಲೋ ತೂಕವಿಲ್ಲದ ಎಣ್ಣೆಯಿಂದ ಇಷ್ಟು ಹೇಗೆ? ಎಣ್ಣೆಯ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಕೂಡುವುದರಿಂದ. ಈ ಅನಿಲ ಕಂಬಳಿಯಂತೆ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು ಸುಮಾರು 280 ಭಾಗವಿತ್ತು. ಈಗ 420ನ್ನು ದಾಟಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ. ಹೀಗಾಗಿ ಒಣ ದಿನಗಳಲ್ಲಿ ನೆಲದ ತೇವ ಬೇಗ ಆರುತ್ತದೆ. ಸುರಿದಾಗ ಮಳೆ ಒಮ್ಮೆಲೇ ಸುರಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಕ್ಕಲಕೋಟೆ ತಾಲೂಕಿನ ಹೊಲಗಳು ನೀರಲ್ಲಿ ನಿಂತದ್ದನ್ನು ನಾವು ಮರೆತಿಲ್ಲ. ಒಂದೇ ಮಳೆಯ ಹೊಣೆಯನ್ನು ಹೊಗೆಯ ಮೇಲೆ ಹೊರಿಸಲಾಗದು. ಆದರೆ ಇಂಥ ಮಳೆ ಪದೇ ಪದೇ ಬರುವ ಸಂಭವವನ್ನು ಬಿಸಿಯಾದ ಗಾಳಿ ಹೆಚ್ಚಿಸುತ್ತದೆ. ಹಿಂಗಾರಿ ಜೋಳ, ತೊಗರಿ, ದಾಳಿಂಬೆ ನಂಬಿದ ನಮಗೆ ಇದು ಹೊಟ್ಟೆಯ ಪ್ರಶ್ನೆ.

ನಾವೇನು ಮಾಡಬಹುದು?

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೋಗಿಬರಲು ಸುಮಾರು 80 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಓಡುವ ಮೋಟಾರ್‌ಸೈಕಲ್ ಮೇಲೆ ಒಬ್ಬರೇ ಹೋದರೆ ಸುಮಾರು 3.7 ಕಿಲೋ ಅನಿಲ. ಲೀಟರಿಗೆ 5 ಕಿಲೋಮೀಟರ್ ಓಡುವ ಎಸ್.ಟಿ. ಬಸ್ಸಿನಲ್ಲಿ 40 ಜನರಿದ್ದರೆ ತಲೆಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಮಾತ್ರ. ಒಬ್ಬರೇ ಹೋಗುವಾಗ ಬಸ್ಸು ಹಿಡಿಯಿರಿ. ಮಾಲು ಒಯ್ಯುವಾಗ ನೆರೆಯವರು ಕೂಡಿ ಒಂದೇ ಗಾಡಿ ಮಾಡಿರಿ.

ಟ್ರ್ಯಾಕ್ಟರಿನ ಏರ್ ಫಿಲ್ಟರನ್ನು ಕಾಲಕಾಲಕ್ಕೆ ಶುಚಿ ಮಾಡಿಸಿರಿ. ಕಪ್ಪು ಹೊಗೆ ಎಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಹೋಗುವುದು ನಿಮ್ಮದೇ ದುಡ್ಡು. ಗಾಲಿಯಲ್ಲಿ ಗಾಳಿ ಸರಿಯಾಗಿರಲಿ. ಸಾಲಿನಲ್ಲಿ ನಿಂತಾಗ ಎಂಜಿನ್ ಬಂದ್ ಮಾಡಿರಿ. ಕಬ್ಬಿನ ರವದಿಯನ್ನು ಸುಡದೆ ಸಾಲಿನ ನಡುವೆ ಹಾಸಿದರೆ ತೇವ ಉಳಿಯುತ್ತದೆ, ಹೊಗೆಯೂ ತಪ್ಪುತ್ತದೆ. ದಮ್ಮಿನವರನ್ನೂ ಮಕ್ಕಳನ್ನೂ ವಾಹನಗಳ ಸಾಲಿನಿಂದ ದೂರ ನಿಲ್ಲಿಸಿರಿ. ಕೆಮ್ಮು ಎರಡು ವಾರ ದಾಟಿದರೆ ಹೊಗೆಯದ್ದೇ ಎಂದು ಸುಮ್ಮನಿರದೆ ದವಾಖಾನೆಗೆ ಹೋಗಿರಿ, ಕ್ಷಯವೂ ಇರಬಹುದು.

ಗಾಳಿಗೆ ಬದು ಇಲ್ಲ. ಪೇಟೆಯ ಹೊಗೆ ಹೊಲಕ್ಕೆ ಬರುತ್ತದೆ. ನಮ್ಮ ಟ್ರ್ಯಾಕ್ಟರಿನ ಹೊಗೆಯೂ ಪೇಟೆಗೆ ಹೋಗುತ್ತದೆ. ನಗರದವರನ್ನು ದೂರುವುದಕ್ಕೆ ಮೊದಲು ನಮ್ಮ ಗಾಡಿಯ ಸೈಲೆನ್ಸರನ್ನು ಒಮ್ಮೆ ನೋಡೋಣ.