ಅಪ್‌ಡೇಟ್ ಬರುವ ತನಕ ಫೋನು ಕಾಯುವುದು ಹೇಗೆ?

ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಹೆಚ್ಚಾಗಿ ತೀರಾ ಕೆಳಗೆ, ‘ಅಬೌಟ್ ಫೋನ್’ ಇರುತ್ತದೆ. ಅದರೊಳಗೆ ಆಂಡ್ರಾಯ್ಡ್ ಆವೃತ್ತಿಯ ಮೇಲೆ ಒತ್ತಿದರೆ ‘ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್’ ಎಂಬ ಸಾಲಿನಲ್ಲಿ ಒಂದು ತಾರೀಖು ಕಾಣುತ್ತದೆ. ತಾವು ಅಪ್‌ಡೇಟ್ ಮಾಡಿದ ದಿನ ಅದೇ ಎಂದು ಅನೇಕರು ತಿಳಿಯುತ್ತಾರೆ. ಅಲ್ಲ. ಯಾವ ತಿಂಗಳವರೆಗಿನ ದೋಷಗಳಿಗೆ ಈ ಫೋನಿನಲ್ಲಿ ರಿಪೇರಿ ಆಗಿದೆ ಎಂಬುದರ ಗುರುತು ಅದು. ತಾರೀಖು 1 ಇದ್ದರೆ ಆಂಡ್ರಾಯ್ಡ್‌ನ ಸಾಮಾನ್ಯ ದೋಷಗಳಷ್ಟೇ ಸರಿಯಾಗಿವೆ. 5 ಇದ್ದರೆ ಕರ್ನೆಲ್ ಮತ್ತು ಚಿಪ್‌ಗೆ ಸಂಬಂಧಿಸಿದವೂ ಸರಿಯಾಗಿವೆ.

ಭಾಲ್ಕಿ ತಾಲ್ಲೂಕಿನ ಹಲಬರ್ಗಾದಂಥ ಊರಲ್ಲಿ ಫೋನುಗಳು ಹತ್ತು ದಿಕ್ಕಿನಿಂದ ಬಂದಿರುತ್ತವೆ. ಕೆಲವು ಭಾಲ್ಕಿ, ಬೀದರ್‌ನ ಅಂಗಡಿಯವು, ಕೆಲವು ಹೈದರಾಬಾದಿನ ಜಗದೀಶ್ ಮಾರ್ಕೆಟ್‌ನ ಸೆಕೆಂಡ್‌ಹ್ಯಾಂಡ್, ಕೆಲವು ದುಬೈನಲ್ಲಿರುವ ಅಳಿಯ ತಂದುಕೊಟ್ಟವು. ಹಾಗಾಗಿ ಈ ತಾರೀಖೂ ಒಬ್ಬೊಬ್ಬರದು ಒಂದೊಂದು. ಮೊಬೈಲ್ ಅಂಗಡಿಯಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ:

“ಅಂವನ ಫೋನಿಗಿ ಬಂದದ, ನನ್ನ ಫೋನಿಗ್ಯಾಕ ಬಂದಿಲ್ಲ? ಎರಡೂ ಒಂದೇ ಮಾಡೆಲ್ ಅವ.”

“ಬರ್ತದ ಕಾಕಾ, ಎಂಟು ದಿನ ತಡೀರಿ.”

ಅಂಗಡಿಯವ ಸುಮ್ಮನೆ ಸಾಗಹಾಕುತ್ತಿಲ್ಲ. ಕಂಪನಿಗಳು ಅಪ್‌ಡೇಟನ್ನು ಎಲ್ಲರಿಗೂ ಒಮ್ಮೆಲೇ ಬಿಡುವುದಿಲ್ಲ. ಮೊದಲು ಸ್ವಲ್ಪ ಫೋನುಗಳಿಗೆ ಕಳಿಸಿ, ಏನೂ ಕೆಡಲಿಲ್ಲ ಎಂದು ಕಂಡಮೇಲೆ ಉಳಿದವಕ್ಕೆ ಬಿಡುತ್ತವೆ. ಬೇರೆ ದೇಶದಲ್ಲಿ ಮಾರಿದ ಫೋನಿಗೆ ಸಾಫ್ಟ್‌ವೇರ್ ಬೇರೆಯೇ ಇರುವುದುಂಟು. ಆಗ ದುಬೈ ಫೋನು ದುಬೈನ ಸರದಿಯಲ್ಲೇ ನಿಲ್ಲಬೇಕು.

ಇದು ಸಾಲಿನ ಕೊನೆಯ ಮಾತಾಯಿತು. ಅಸಲಿ ತಡ ಹಿಂದೆ ಆಗಿರುತ್ತದೆ. 2015ರಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಹೊರಬಿತ್ತು. ಒಂದು ಎಂಎಂಎಸ್ ಬಂದರೆ ಸಾಕು, ನೀವು ತೆರೆಯದಿದ್ದರೂ ಫೋನ್ ಪರರ ಕೈಗೆ ಹೋಗುವಂಥ ದೋಷ ಅದು. ಆ ಗದ್ದಲದ ನಂತರ, ಅದೇ ವರ್ಷದ ಆಗಸ್ಟ್‌ನಿಂದ, ಗೂಗಲ್ ಪ್ರತಿ ತಿಂಗಳೂ ದೋಷಗಳ ಬುಲೆಟಿನ್ ಹೊರಡಿಸುತ್ತಿದೆ. ಫೋನ್ ತಯಾರಕರಿಗೆ ಕನಿಷ್ಠ ಒಂದು ತಿಂಗಳು ಮುಂಚೆಯೇ ವಿಷಯ ತಿಳಿಸುತ್ತದೆ. ಅಲ್ಲಿಂದ ಮುಂದೆ ಈ ರಿಪೇರಿ, ಅಂದರೆ ಪ್ಯಾಚ್, ಪ್ಯಾಸೆಂಜರ್ ಗಾಡಿಯ ಹಾಗೆ ಪ್ರತಿ ಸ್ಟೇಷನ್‌ನಲ್ಲೂ ನಿಲ್ಲುತ್ತದೆ. ಕ್ವಾಲ್ಕಾಮ್, ಮೀಡಿಯಾಟೆಕ್, ಯೂನಿಸಾಕ್‌ನಂಥ ಚಿಪ್ ಕಂಪನಿಯವರು ತಮ್ಮ ಭಾಗ ಸರಿಮಾಡಬೇಕು. ಫೋನ್ ಕಂಪನಿ ಅದನ್ನು ತನ್ನ ಸಾಫ್ಟ್‌ವೇರ್‌ಗೆ ಕೂಡಿಸಿ, ಕ್ಯಾಮೆರಾ, ಸಿಮ್, ಕರೆ ಎಲ್ಲ ನೆಟ್ಟಗಿವೆಯೇ ಎಂದು ಪ್ರತಿ ಮಾಡೆಲ್‌ನಲ್ಲೂ ಪರೀಕ್ಷಿಸಬೇಕು. ಹತ್ತಾರು ಮಾಡೆಲ್ ಮಾರಿದ ಕಂಪನಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳುತ್ತದೆ? ದುಬಾರಿಯದನ್ನು. ಸ್ಯಾಮ್‌ಸಂಗ್ ಇದನ್ನು ಮುಚ್ಚಿಡುವುದೂ ಇಲ್ಲ. ಯಾವ ಮಾಡೆಲ್‌ಗೆ ತಿಂಗಳಿಗೊಮ್ಮೆ, ಯಾವುದಕ್ಕೆ ಮೂರು ತಿಂಗಳಿಗೊಮ್ಮೆ, ಯಾವುದಕ್ಕೆ ಆರು ತಿಂಗಳಿಗೊಮ್ಮೆ ಎಂದು ತನ್ನ ಭದ್ರತಾ ಪುಟದಲ್ಲೇ ಪಟ್ಟಿ ಹಾಕುತ್ತದೆ.

ಅಗ್ಗದ ಫೋನಿನ ಗತಿ ಏನಾಗುತ್ತದೆ ಎಂಬುದಕ್ಕೆ ಮೀಡಿಯಾಟೆಕ್ ಪ್ರಕರಣ ನೋಡಬೇಕು. ಯಾವುದೋ ಸಣ್ಣ ಆ್ಯಪ್ ಇಡೀ ಫೋನಿನ ಯಜಮಾನಿಕೆ ಪಡೆಯಬಹುದಾದ ಒಂದು ದೋಷಕ್ಕೆ ಆ ಕಂಪನಿ 2019ರ ಮೇ ತಿಂಗಳಲ್ಲೇ ರಿಪೇರಿ ತಯಾರಿಸಿತ್ತು. ಫೋನ್ ಕಂಪನಿಗಳು ಅದನ್ನು ಹಾಕಿಕೊಳ್ಳಲೇಬೇಕು ಎಂದು ಒತ್ತಾಯಿಸುವುದು ಮೀಡಿಯಾಟೆಕ್‌ನ ಕೈಯಲ್ಲಿರಲಿಲ್ಲ. ಅನೇಕರು ಹಾಕಲಿಲ್ಲ. ಕೊನೆಗೆ 2020ರ ಮಾರ್ಚ್‌ನ ಬುಲೆಟಿನ್‌ಗೆ ಗೂಗಲ್ ಅದನ್ನು ಸೇರಿಸಿತು. ಹತ್ತು ತಿಂಗಳು ಔಷಧಿ ಇತ್ತು, ಕೊಡುವವರಿರಲಿಲ್ಲ. ಅಷ್ಟರಲ್ಲಿ ಕಿಡಿಗೇಡಿ ಆ್ಯಪ್‌ಗಳು ಆ ದೋಷವನ್ನು ಬಳಸಿಯೂ ಆಗಿತ್ತು.

ಬುಲೆಟಿನ್ ಹೊರಬಿದ್ದ ಮೇಲೆ ತಡವಾದಷ್ಟೂ ಅಪಾಯ ಹೆಚ್ಚು. ರಿಪೇರಿಯ ಕೋಡ್ ಬಹಿರಂಗವಾಗುತ್ತದೆ. ಅದನ್ನು ಓದಿದವನಿಗೆ ರಂಧ್ರ ಎಲ್ಲಿತ್ತೆಂದು ತಿಳಿಯುತ್ತದೆ. ಪ್ಯಾಚ್ ಬಾರದ ಫೋನುಗಳಲ್ಲಿ ಅದು ಇನ್ನೂ ತೆರೆದೇ ಇರುತ್ತದೆ.

‘ಅಲ್ಲಿಯ ತನಕ ಇದನ್ನು ಬಂದ್ ಮಾಡಿ’ ಎಂದು ತಜ್ಞರು ಕೊಡುವ ಸಲಹೆ ನಮ್ಮ ಕಡೆ ಸದಾ ನಡೆಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೊ ತಂಡ ಸ್ಯಾಮ್‌ಸಂಗ್‌ನ ಎಕ್ಸಿನೋಸ್ ಮೋಡೆಮ್‌ಗಳಲ್ಲಿ 18 ದೋಷಗಳಿವೆ ಎಂದು ಪ್ರಕಟಿಸಿತು. ಅವುಗಳಲ್ಲಿ ನಾಲ್ಕು ಬಲು ಕೆಟ್ಟವು: ಫೋನ್ ನಂಬರ್ ಗೊತ್ತಿದ್ದರೆ ಸಾಕು, ದೂರದಿಂದಲೇ ನುಗ್ಗಬಹುದಿತ್ತು. ಪಟ್ಟಿಯಲ್ಲಿ ಎಂ12, ಎಂ33ಯಂಥ ಸಾಧಾರಣ ಬೆಲೆಯ ಮಾಡೆಲ್‌ಗಳೂ ಇದ್ದವು. ಪ್ಯಾಚ್ ಬರುವವರೆಗೆ ವೈಫೈ ಕಾಲಿಂಗ್ ಮತ್ತು ವೋಲ್ಟೆ (4ಜಿ ಮೂಲಕ ಹೋಗುವ ಕರೆ) ಆಫ್ ಮಾಡಿ ಎಂದರು. ಜಿಯೊ ಸಿಮ್ ಹಾಕಿಕೊಂಡವ ವೋಲ್ಟೆ ಆಫ್ ಮಾಡಿದರೆ ಕರೆಯೇ ಹೋಗುವುದಿಲ್ಲ. ಆ ಕಂಪನಿಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೂತು ಕೊಟ್ಟ ಸಲಹೆ ಹಲಬರ್ಗಾದಲ್ಲಿ ಫೋನನ್ನೇ ಮೂಲೆಗಿಡು ಎಂದಂತೆ.

ಹಾಗಾದರೆ ಕೈಕಟ್ಟಿ ಕೂರಬೇಕೆ? ಬೇಡ. ಫೋನಿಗೆ ರಿಪೇರಿ ಬರುವ ದಾರಿ ಮೂರು, ಅವುಗಳಲ್ಲಿ ಫೋನ್ ಕಂಪನಿಯ ಕೈಯಲ್ಲಿ ಸಿಕ್ಕಿಕೊಂಡಿರುವುದು ಒಂದೇ. ಎರಡನೆಯದು ‘ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್’. ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳಲ್ಲಿ ವ್ಯವಸ್ಥೆಯ ಕೆಲವು ಭಾಗಗಳಿಗೆ ಗೂಗಲ್ ನೇರವಾಗಿ ಇದನ್ನು ಕಳಿಸುತ್ತದೆ. ಸೆಕ್ಯುರಿಟಿ ವಿಭಾಗದಲ್ಲಿ ಇದಕ್ಕೆ ಬೇರೆಯೇ ತಾರೀಖು ಇರುತ್ತದೆ. ಅದರ ಮೇಲೆ ಒತ್ತಿ, ಇಳಿದ ಮೇಲೆ ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಬೇಕು. ರೀಸ್ಟಾರ್ಟ್ ಮಾಡದೆ ತಿಂಗಳುಗಟ್ಟಲೆ ಬಿಟ್ಟವರೇ ಹೆಚ್ಚು. ಮೂರನೆಯದು ಪ್ಲೇ ಸ್ಟೋರ್. ಅಲ್ಲಿ ಕ್ರೋಮ್, ವಾಟ್ಸ್‌ಆ್ಯಪ್, ಬ್ಯಾಂಕ್ ಆ್ಯಪ್‌ಗಳನ್ನು ಜನ ಅಪ್‌ಡೇಟ್ ಮಾಡುತ್ತಾರೆ, ‘ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ’ ಎಂಬುದನ್ನು ಯಾವುದೋ ಬೇಡದ್ದು ಎಂದು ಬಿಟ್ಟುಬಿಡುತ್ತಾರೆ. ಬೇರೆ ಆ್ಯಪ್‌ಗಳ ಒಳಗೆ ವೆಬ್ ಪುಟ ತೆರೆದುಕೊಳ್ಳುವುದು ಅದರಿಂದಲೇ, ಅದನ್ನು ಬಿಡಬಾರದು.

ಆಂಡ್ರಾಯ್ಡ್ 8 ಮತ್ತು 9ರ ಫೋನುಗಳಿಗೆ ಈ ದಾರಿಯೂ ಕಿರಿದಾಗಿದೆ. 2025ರ ಆಗಸ್ಟ್‌ನಿಂದ ಕ್ರೋಮ್‌ನ ಹೊಸ ಆವೃತ್ತಿಗಳು ಅವಕ್ಕೆ ಬರುತ್ತಿಲ್ಲ. ಅಂಥ ಫೋನಿನಲ್ಲಿ ಹಾಡು ಕೇಳಿ, ಕರೆ ಮಾಡಿ; ಫೋನ್‌ಪೇ ಇಡಬೇಡಿ.

ಕೆಲವೊಮ್ಮೆ ಕಂಪನಿ ಕಳಿಸಿರುತ್ತದೆ, ನಾವೇ ತಡೆದಿರುತ್ತೇವೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವನಿಗೆ ದೊಡ್ಡ ಅಪ್‌ಡೇಟ್ ಇಳಿಸಿದರೆ ಮಕ್ಕಳ ಯೂಟ್ಯೂಬ್ ನಿಲ್ಲುತ್ತದೆ. ದಿನದ ಡೇಟಾ ರಾತ್ರಿ ಹನ್ನೆರಡಕ್ಕೆ ಹೊಸದಾಗಿ ಶುರುವಾಗುತ್ತದೆ. ಮಲಗುವ ಮುಂಚೆ ಹಳೆಯ ದಿನದ ಉಳಿಕೆಯಲ್ಲಿ ಅರ್ಧ, ಹನ್ನೆರಡರ ನಂತರ ಉಳಿದರ್ಧ ಇಳಿಸಿಕೊಳ್ಳಬಹುದು. 32 ಜಿಬಿ ಫೋನಿನಲ್ಲಿ ಜಾಗ ತಿಂದಿರುವುದು ವಾಟ್ಸ್‌ಆ್ಯಪ್‌ನ ಗುಡ್‌ಮಾರ್ನಿಂಗ್ ವಿಡಿಯೊಗಳು, ಅವನ್ನು ಅಳಿಸಿ. ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ. ಜೆಸ್ಕಾಂ ಕರೆಂಟ್ ನಂಬಿ ಹತ್ತು ಪರ್ಸೆಂಟ್‌ನಲ್ಲಿ ಶುರುಮಾಡುವ ಕೆಲಸ ಇದಲ್ಲ.

ಇನ್ನು ಕಳ್ಳರ ಮಾತು. ಅವರಲ್ಲಿ ಹೆಚ್ಚಿನವರು ಮೋಡೆಮ್ ದೋಷ ಹುಡುಕುವ ಶ್ರಮ ಪಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಎಪಿಕೆ ಫೈಲ್, ಅಂದರೆ ಒತ್ತಿದರೆ ಆ್ಯಪ್ ಆಗಿ ಕೂರುವ ಫೈಲ್, ಕಳಿಸುತ್ತಾರೆ. ಹೆಸರು ‘ಪಿಎಂ ಕಿಸಾನ್’, ‘ಆರ್‌ಟಿಒ ಚಲನ್’ ಅಥವಾ ಮದುವೆ ಕಾರ್ಡ್. ನಮ್ಮ ರೈತರಿಗೆ ಮೊಬೈಲಿನಲ್ಲಿ ಸರ್ಕಾರಿ ಆ್ಯಪ್ ಹಾಕಿಕೊಳ್ಳುವುದು ರೂಢಿಯಾಗಿದೆ. ಬೆಳೆ ಸಮೀಕ್ಷೆಗೆ ಹೊಲದಲ್ಲಿ ನಿಂತು ತೊಗರಿ, ಸೋಯಾದ ಫೋಟೊ ತೆಗೆದು ಹಾಕುವುದು ಆ್ಯಪ್‌ನಲ್ಲೇ. ಆದ್ದರಿಂದ ಕಿಸಾನ್ ಹೆಸರಿನ ಫೈಲ್ ನೋಡಿ ಅನುಮಾನ ಬರುವುದಿಲ್ಲ. ಒಳಹೊಕ್ಕ ಮೇಲೆ ಅದು ಕೇಳುವುದು ಎಸ್‌ಎಂಎಸ್ ಓದುವ ಅನುಮತಿ. ಅದೊಂದು ಸಿಕ್ಕರೆ ಒಟಿಪಿಗಳೆಲ್ಲ ಅವರ ಕೈಗೆ.

ಈ ಬಾಗಿಲಿಗೆ ಚಿಲಕ ಹಾಕಲು ಯಾವ ಪ್ಯಾಚೂ ಬೇಡ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಒಳಗೆ ‘ಸ್ಪೆಷಲ್ ಆ್ಯಪ್ ಆ್ಯಕ್ಸೆಸ್’, ಅಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’. ತೆರೆದರೆ ಆ್ಯಪ್‌ಗಳ ಪಟ್ಟಿ ಬರುತ್ತದೆ. ವಾಟ್ಸ್‌ಆ್ಯಪ್, ಕ್ರೋಮ್, ಟೆಲಿಗ್ರಾಂ, ಫೈಲ್ ಮ್ಯಾನೇಜರ್, ಎಲ್ಲದರ ಎದುರೂ ‘ನಾಟ್ ಅಲೌಡ್’ ಎಂದಿರಬೇಕು. ಪ್ಲೇ ಸ್ಟೋರ್‌ನ ಮೇಲ್ಮೂಲೆಯ ಚಿತ್ರ ಒತ್ತಿದರೆ ಸಿಗುವ ‘ಪ್ಲೇ ಪ್ರೊಟೆಕ್ಟ್’ ಆನ್ ಇರಲಿ. ಆ್ಯಪ್ ಹಾಕಲು ಬಿಡಲಿಲ್ಲವೆಂದು ಅದನ್ನು ಆಫ್ ಮಾಡಿಸುವ ಜಾಣರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ, ಅವರ ಮಾತು ಕೇಳಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಸ್ಟೇಜ್‌ಫ್ರೈಟ್ ಬಂದದ್ದು ಆ ಬಗೆಯ ಸಲೀಸು ದಾರಿಯಿಂದಲೇ. ಡೇಟಾವೂ ಉಳಿಯುತ್ತದೆ.

ಹಳೆಯ ಫೋನ್ ಬಿಡಲಾಗದವರು ದುಡ್ಡನ್ನಾದರೂ ದೂರ ಇಡಬೇಕು. ಕಬ್ಬಿನ ಬಿಲ್ಲು, ಬೆಳೆ ಸಾಲ ಜಮಾ ಆಗುವ ಖಾತೆಯನ್ನು ಯುಪಿಐಗೆ ಜೋಡಿಸದೆ, ಸಣ್ಣ ಮೊತ್ತದ ಇನ್ನೊಂದು ಖಾತೆಯನ್ನು ಜೋಡಿಸಿಟ್ಟರೆ ಹೋದರೂ ಅಷ್ಟೇ ಹೋಗುತ್ತದೆ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಬೀದರ್‌ನ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಮೊದಲು ಠಾಣೆ, ನಂತರ ಕರೆ ಎಂದು ಹೊರಟರೆ ಬಸ್ಸಿನಲ್ಲಿ ಕೂತಿರುವಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿರುತ್ತದೆ.

ಹೊಸದು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಎಂದು ಕೇಳಿ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ 7 ವರ್ಷದ ಮಾತು ಕೊಟ್ಟಿವೆ. ಅವು ದುಬಾರಿ ಫೋನುಗಳು, ಅಗ್ಗದವಕ್ಕೆ ಕಡಿಮೆ. ವರ್ಷಗಳನ್ನು ಎಣಿಸುವುದು ಮಾಡೆಲ್ ಮಾರುಕಟ್ಟೆಗೆ ಬಂದಾಗಿನಿಂದ, ನೀವು ಕೊಂಡ ದಿನದಿಂದಲ್ಲ. ಸೆಕೆಂಡ್‌ಹ್ಯಾಂಡ್ ಆದರೆ ದುಡ್ಡು ಎಣಿಸುವ ಮುಂಚೆ ಅಂಗಡಿಯವನ ಎದುರಲ್ಲೇ ‘ಅಬೌಟ್ ಫೋನ್’ ತೆರೆದು ತಾರೀಖು ನೋಡಿ, ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. ತಾರೀಖು ಎರಡು ವರ್ಷ ಹಳೆಯದಿದ್ದು, ಹೊಸದೇನೂ ಇಲ್ಲ ಎಂದು ತೋರಿಸಿದರೆ ಆ ಫೋನನ್ನು ಕಂಪನಿ ಕೈಬಿಟ್ಟಿದೆ ಎಂದೇ ತಿಳಿದು ಚೌಕಾಶಿ ಅಲ್ಲಿಂದ ಶುರುಮಾಡಿ.